ಭೇದಿ ಹತ್ತಿದ ಮಗುವಿಗೆ ಮೊದಲು ಓಆರ್‌ಎಸ್, ಆಮೇಲೆ ಮೊಸರಿನ ಮಾತು

ಒಂದೂವರೆ ವರ್ಷದ ಮಗನಿಗೆ ಎರಡು ದಿನದಿಂದ ಭೇದಿ. ಪ್ರೋಬಯಾಟಿಕ್ ಮೊಸರು ಕೊಟ್ಟರೆ ನಿಲ್ಲುತ್ತೆ ಅಂತಾರೆ. ಮನೆ ಮೊಸರಿಗಿಂತ ಅದು ಒಳ್ಳೇದಾ ಡಾಕ್ಟ್ರೇ? – ಓದುಗರು, ಮದ್ದೂರು

ಇದೇ ಪ್ರಶ್ನೆ ಪದೇ ಪದೇ ಬರುತ್ತದೆ. ಮಗುವಿಗೆ ಓಆರ್‌ಎಸ್ (ಉಪ್ಪು, ಸಕ್ಕರೆ ಬೆರೆತ ಪುಡಿ ಕಲಸಿದ ನೀರು) ಕುಡಿಸಿದೆವು ಅನ್ನುವ ಒಂದು ಸಾಲು ಮಾತ್ರ ಯಾವ ಪತ್ರದಲ್ಲೂ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ ತಾಯಿ. ಮಗುವಿನ ಮೈಯಿಂದ ನೀರು, ಉಪ್ಪು ಹೋಗುತ್ತಿದೆ. ಅದನ್ನು ಯಾವ ಮೊಸರೂ ತುಂಬಿಕೊಡುವುದಿಲ್ಲ.

ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ. ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ ಕುಡಿಸಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, 14 ದಿನ. ಭೇದಿ ನಿಂತಿತು ಅಂತ ನಡುವೆ ಬಿಡಬೇಡಿ. ಓಆರ್‌ಎಸ್ ಹೆಸರಿನ ಸಿಹಿ ಜ್ಯೂಸ್ ಪೊಟ್ಟಣ ತರಬೇಡಿ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶವನ್ನೇ ಹೊರಡಿಸಿದೆ.

ಇನ್ನು ಮೊಸರು. ಪ್ರೋಬಯಾಟಿಕ್ ಅಂದರೆ ಮೈಗೆ ಒಳ್ಳೇದು ಮಾಡುವ ಜೀವಂತ ಬ್ಯಾಕ್ಟೀರಿಯಾ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಲ್ಲೂ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ, ಯಾವ ತಳಿ ಎಷ್ಟು ಅಂತ ಹೇಳಲಾಗದು. ಪ್ರೋಬಯಾಟಿಕ್ ಅನ್ನಬೇಕಾದರೆ ಅದು ಗೊತ್ತಿರಬೇಕು. ಆದರೆ ತಳಿ ಗೊತ್ತಿದ್ದ ಮಾತ್ರಕ್ಕೆ ಭೇದಿ ನಿಲ್ಲುತ್ತದೆಯೇ? ಅಮೆರಿಕದಲ್ಲಿ 971, ಕೆನಡಾದಲ್ಲಿ 886 ಪುಟ್ಟ ಮಕ್ಕಳ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಪ್ರೋಬಯಾಟಿಕ್ ಔಷಧಿ ತಗೊಂಡವರಿಗೂ ಬರೀ ಹುಸಿ ಔಷಧಿ ತಗೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯ ಸ್ಟ್ರಾಬೆರಿ ಮೊಸರಿನಲ್ಲಂತೂ ಸಕ್ಕರೆ ಬೇರೆ. ಎರಡು ವರ್ಷದೊಳಗಿನವರಿಗೆ ಅದು ಬೇಡವೇ ಬೇಡ. ಹುಳಿ ಬಾರದ ಮನೆ ಮೊಸರನ್ನು ಮೆತ್ತಗಿನ ಅನ್ನಕ್ಕೆ ಕಲಸಿ ಕೊಡಿ, ಎದೆಹಾಲು ನಿಲ್ಲಿಸಬೇಡಿ.

ಕಣ್ಣು ಗುಳಿಬಿದ್ದರೆ, ಆರು ಗಂಟೆ ಉಚ್ಚೆ ಹೋಗದಿದ್ದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ದೃಷ್ಟಿಯಾಗಿದೆ ಅಂತ ಹೊಟ್ಟೆಗೆ ಬರೆ ಹಾಕುವವರು ಇನ್ನೂ ಇದ್ದಾರೆ. ಅವರ ಮನೆ ಬಾಗಿಲಲ್ಲಿ ಕಳೆಯುವ ಒಂದೊಂದು ಗಂಟೆಯೂ ಮಗುವಿನ ಜೀವಕ್ಕೆ ಅಪಾಯ.

ಒಂಬತ್ತು ತಿಂಗಳ ಮಗಳಿಗೆ ಮೊಸರು ಕೊಟ್ಟರೆ ಶೀತ ಆಗುತ್ತಾ? – ಕುವೆಂಪುನಗರ, ಮೈಸೂರು

ಇಲ್ಲ. ಶೀತ ವೈರಸ್‌ನಿಂದ ಬರುತ್ತದೆ.

ಪ್ರೋಬಯಾಟಿಕ್‌ನಿಂದ ಮಗು ಉದ್ದ ಬೆಳೆಯುತ್ತಾ? – ಪಾಂಡವಪುರ

ಆ ಮಾತು ನಂಬಿ ದುಡ್ಡು ಹಾಕಬೇಡಿ. ಅದೇ ದುಡ್ಡಿಗೆ ಮೊಟ್ಟೆ, ಬೇಳೆ ತನ್ನಿ.

ಏಳು ತಿಂಗಳಿಗೇ ಹುಟ್ಟಿದ ಕೂಸಿಗೆ ಪ್ರೋಬಯಾಟಿಕ್ ಡ್ರಾಪ್ಸ್ ನಾವೇ ಹಾಕಬಹುದಾ? – ನಂಜನಗೂಡು

ಖಂಡಿತ ಹಾಕಬೇಡಿ. ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಇದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಪ್ರಾಣಕ್ಕೆ ಕುತ್ತು ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ. ಕೂಸನ್ನು ನೋಡುತ್ತಿರುವ ವೈದ್ಯರು ಬರೆದುಕೊಡದೆ ಒಂದು ಹನಿಯೂ ಬೇಡ.