ಚಾರಿಟಿ ಸೈಕಲ್ ರೈಡ್: ಮೊದಲು ವಾಪಸ್ ಬರುವ ದಾರಿ ನೋಡಿಕೊಳ್ಳಿ

ನೀವು ಕೇಳಿದ್ದು ಇದು: ಸಾವಿರಾರು ಜನ ಸೇರುವ ಚಾರಿಟಿ ಸೈಕಲ್ ರೈಡ್ ಒಂದಕ್ಕೆ ನೀವು ಆರು ಜನ ಸ್ನೇಹಿತರು ಹೆಸರು ಕೊಟ್ಟಿದ್ದೀರಿ. ಸ್ಟಾರ್ಟ್ ಒಂದು ಊರಲ್ಲಿ, ಫಿನಿಶ್ 90 ಕಿ.ಮೀ. ಆಚೆ ಇನ್ನೊಂದು ಊರಲ್ಲಿ. ಇಬ್ಬರು ವಿಮಾನದಲ್ಲಿ ಬರುತ್ತಾರೆ, ನಾಲ್ವರು ಕಾರಲ್ಲಿ. ಸೈಕಲ್, ಬ್ಯಾಗು, ಉಳಿಯುವ ಜಾಗ, ಇದನ್ನೆಲ್ಲ ಎಲ್ಲಿಂದ ಶುರು ಮಾಡೋದು?

ಫಿನಿಶ್‌ನಿಂದ ಶುರು ಮಾಡಿ. ಇಂಥ ರೈಡ್‌ಗಳಲ್ಲಿ ನಾನು ಸೈಕಲ್ ತುಳಿದಿದ್ದೇನೆ, ಫಿನಿಶ್ ಹತ್ತಿರ ಸ್ವಯಂಸೇವಕನಾಗಿಯೂ ನಿಂತಿದ್ದೇನೆ. ಸ್ಟಾರ್ಟ್‌ಗೆ ಎಲ್ಲರೂ ಹೇಗೋ ಬಂದು ಸೇರುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ತಯಾರಿ ಇರುತ್ತದೆ, ಹುರುಪೂ ಇರುತ್ತದೆ. ಪರದಾಟ ಶುರುವಾಗೋದು ಮಧ್ಯಾಹ್ನದ ಮೇಲೆ. ಕೊರಳಲ್ಲಿ ಮೆಡಲ್ ಇದೆ, ಕಾಲು ಸೋತಿದೆ, ಫೋನ್ ಚಾರ್ಜ್ ಮುಗಿದಿದೆ, ಕಾರು ಮಾತ್ರ 90 ಕಿ.ಮೀ. ಹಿಂದೆ ಬೆಳಿಗ್ಗೆ ನಿಲ್ಲಿಸಿದ ಕಡೆಯೇ ಇದೆ. "ಇಲ್ಲಿಂದ ಟ್ರೈನ್ ಇದೆ ಅಲ್ವಾ?" ಅಂತ ಬಂದು ಕೇಳುತ್ತಾರೆ. ಟ್ರೈನ್ ಇರುತ್ತದೆ. ಅದರಲ್ಲಿ ಸೈಕಲ್‌ಗೆ ಜಾಗ ಇರೋದಿಲ್ಲ.

ಲಂಡನ್‌ನಿಂದ ಬ್ರೈಟನ್‌ಗೆ ಹೋಗುವ ರೈಡನ್ನೇ ನೋಡಿ. 1976ರಲ್ಲಿ ಶುರುವಾದದ್ದು, ದೂರ 54 ಮೈಲಿ, ಅಂದರೆ ಸುಮಾರು 87 ಕಿ.ಮೀ., ಹೆಚ್ಚುಕಡಿಮೆ ನಿಮ್ಮ ರೈಡ್‌ನಷ್ಟೇ. ಎರಡೂ ಊರಿನ ನಡುವೆ ಒಳ್ಳೆಯ ರೈಲು ಸಂಪರ್ಕ ಇದೆ. ಆದರೆ ರೈಡ್ ದಿನ ಆ ದಾರಿಯ ರೈಲುಗಳಲ್ಲಿ ಮಡಚುವ ಸೈಕಲ್ ಬಿಟ್ಟು ಬೇರೆ ಸೈಕಲ್ ಹತ್ತಿಸಿಕೊಳ್ಳುವುದಿಲ್ಲ. ಒಂದು ರೈಲಿಗೆ ಬೆರಳೆಣಿಕೆಯಷ್ಟು ಸೈಕಲ್ ಹಿಡಿಯಬಹುದು, ಹೊರಗೆ ಸಾವಿರಗಟ್ಟಲೆ ನಿಂತಿರುತ್ತವೆ, ಇನ್ನೇನು ಮಾಡುತ್ತಾರೆ? ಅದಕ್ಕೇ ಸೈಕಲ್‌ಗೆ ಲಾರಿ, ಜನಕ್ಕೆ ಬಸ್ಸು ಅಂತ ವ್ಯವಸ್ಥೆ ಇರುತ್ತದೆ, ಅದನ್ನು ಮುಂಚೆಯೇ ಬುಕ್ ಮಾಡಬೇಕು. ನ್ಯೂಯಾರ್ಕಿನ ಫೈವ್ ಬರೋ ಬೈಕ್ ಟೂರ್ ಸ್ಟೇಟನ್ ಐಲೆಂಡ್‌ನಲ್ಲಿ ಮುಗಿಯುತ್ತದೆ. ಮ್ಯಾನ್‌ಹ್ಯಾಟನ್‌ಗೆ ಫೆರಿಯಲ್ಲಿ ವಾಪಸ್ ಬರಬೇಕು. ಫೆರಿ ಪುಕ್ಕಟೆ, ಕ್ಯೂ ಮಾತ್ರ ಉದ್ದ. ಅಮೆರಿಕದ ದಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹಣ ಕೂಡಿಸುವ ಪ್ಯಾನ್-ಮ್ಯಾಸ್ ಚಾಲೆಂಜ್ 1980ರಲ್ಲಿ 36 ಜನರಿಂದ ಶುರುವಾಯಿತು. ಈಗ ಸಾವಿರಾರು ಜನ ಬರುತ್ತಾರೆ. ಅದರ ಹಲವು ಮಾರ್ಗಗಳು ಮುಗಿಯೋದು ಪ್ರಾವಿನ್ಸ್‌ಟೌನ್‌ನಲ್ಲಿ, ಸಮುದ್ರಕ್ಕೆ ಚಾಚಿಕೊಂಡ ಕೇಪ್ ಕಾಡ್‌ನ ತುತ್ತತುದಿಯಲ್ಲಿ. ಅಲ್ಲಿಂದಲೂ ವಾಪಸ್ ಬರೋದೇ ಒಂದು ಬೇರೆ ಪ್ಲ್ಯಾನ್. ಕೇಪ್ ಟೌನ್ ಸೈಕಲ್ ಟೂರ್ ಥರ 109 ಕಿ.ಮೀ. ಸುತ್ತಿ ಅದೇ ಊರಿಗೆ ಬಂದು ಸೇರುವ ರೈಡ್ ಆಗಿದ್ದರೆ ನಿಮ್ಮ ಅರ್ಧ ತಲೆನೋವು ಇರುತ್ತಲೇ ಇರಲಿಲ್ಲ.

ಹಾಗಾಗಿ ಮೊದಲು ಆಯೋಜಕರನ್ನು ಕೇಳಿ: ಸೈಕಲ್ ವಾಪಸ್ ಸಾಗಿಸಲು ಲಾರಿ ಇದೆಯಾ, ಅದು ಸೈಕಲನ್ನು ಎಲ್ಲಿ ಇಳಿಸುತ್ತದೆ, ಎಷ್ಟು ಹೊತ್ತಿಗೆ ಇಳಿಸುತ್ತದೆ. ಮೂರನೆಯದನ್ನು ಕೇಳೋರು ಕಮ್ಮಿ. ನೀವು ಬಸ್ಸಲ್ಲಿ ಸಂಜೆ ಆರಕ್ಕೆ ಬಂದಿರುತ್ತೀರಿ, ಸೈಕಲ್ ಹೊತ್ತ ಲಾರಿ ಒಂಬತ್ತಕ್ಕೆ ಬರಬಹುದು. ಅವತ್ತೇ ರಾತ್ರಿ ಊರಿಗೆ ಹೊರಡುವ ಆಲೋಚನೆ ಇದ್ದರೆ ಅದು ಅಲ್ಲಿಗೇ ಮುಗಿಯಿತು.

ಲಾರಿ ಇಲ್ಲ ಅಂದರೆ? ಎರಡು ಕಾರಿದ್ದರೆ ಒಂದನ್ನು ಹಿಂದಿನ ದಿನವೇ ಫಿನಿಶ್ ಊರಲ್ಲಿ ಬಿಟ್ಟು ಬರೋಣ ಅಂತ ಎಲ್ಲರಿಗೂ ಹೊಳೆಯುತ್ತದೆ. ಇಬ್ಬರಿಗಾದರೆ ಇದು ಸರಿ. ಆರು ಜನ, ಆರು ಸೈಕಲ್ ಒಂದು ಕಾರಿನಲ್ಲಿ ಹಿಡಿಸೋದಿಲ್ಲ. ಎರಡು ಟ್ರಿಪ್ ಹೊಡೆಯಬೇಕು, ಅದೂ ದಿನವಿಡೀ ತುಳಿದು ಸುಸ್ತಾದವರು ಡ್ರೈವ್ ಮಾಡಬೇಕು. ಅದು ಬೇಡ. ನನ್ನ ಪ್ರಕಾರ ನಿಮ್ಮಂಥ ಗುಂಪಿಗೆ ಸರಿಹೊಂದೋದು ಎರಡೇ. ಒಂದು, ಸೈಕಲ್ ತುಳಿಯದ ಒಬ್ಬರು ದೊಡ್ಡ ವ್ಯಾನ್ ತಂದು ಫಿನಿಶ್ ಊರಲ್ಲಿ ಕಾಯೋದು. ಇನ್ನೊಂದು, ಆ ರಾತ್ರಿ ಅಲ್ಲೇ ಉಳಿದು ಮರುದಿನ ಹೊರಡೋದು. ಖರ್ಚು ಒಂದಿಷ್ಟು ಜಾಸ್ತಿ ಆದರೂ ನಾನು ಎರಡನೆಯದನ್ನೇ ಹೇಳುತ್ತೇನೆ. ರೈಡ್ ಮುಗಿದ ಸಂಜೆ ಆ ಊರಿಂದ ಹೊರಗೆ ಹೋಗುವ ರಸ್ತೆಗಳೆಲ್ಲ ಜಾಮ್. ಮರುದಿನ ಬೆಳಿಗ್ಗೆ ಅದೇ ರಸ್ತೆ ಖಾಲಿ, ಟ್ರೈನಲ್ಲೂ ಸೈಕಲ್‌ಗೆ ಜಾಗ ಸಿಗುವ ಸಾಧ್ಯತೆ ಇರುತ್ತದೆ.

ವ್ಯಾನ್ ತರೋದಾದರೆ ಅದು ಫಿನಿಶ್ ಲೈನ್ ಹತ್ತಿರ ಬರೋದು ಬೇಡ. ಎರಡು ಮೂರು ಕಿಲೋಮೀಟರ್ ದೂರ, ಊರಿನ ಹೊರಗೆ ಹೋಗುವ ದಿಕ್ಕಿನಲ್ಲೇ ನಿಲ್ಲಲಿ. ಆ ದೂರ ನಿಮಗೆ ಸೈಕಲ್‌ನಲ್ಲಿ ಹತ್ತು ನಿಮಿಷ. ವ್ಯಾನ್ ಒಳಗೆ ಬಂದು ಹೊರಗೆ ಹೋಗೋಕೆ ಒಂದು ಗಂಟೆ ಆದರೂ ಆಶ್ಚರ್ಯ ಇಲ್ಲ. ರೈಡ್ ದಾರಿಯಲ್ಲಿ ಹಿಂದೆ ಹಿಂದೆ ಬಂದು ನೀರು ಕೊಡ್ತೀನಿ ಅಂತ ಡ್ರೈವರ್ ಹೇಳಿದರೆ ಒಪ್ಪಬೇಡಿ. ಬಹಳಷ್ಟು ಕಡೆ ಅದಕ್ಕೆ ಅವಕಾಶವೇ ಇಲ್ಲ. ಇದ್ದರೂ ಉಳಿದ ಸೈಕಲ್ ಸವಾರರಿಗೆ ಅದು ಕಂಟಕ.

ಈಗ ಸಮಯದ ಲೆಕ್ಕ. ಗಂಟೆಗೆ 20 ಕಿ.ಮೀ. ಅಂತ ಹಿಡಿದರೆ 90 ಕಿ.ಮೀ.ಗೆ ನಾಲ್ಕೂವರೆ ಗಂಟೆ. ಹೀಗೆ ಲೆಕ್ಕ ಹಾಕಿ ಸಂಜೆ ನಾಲ್ಕರ ಬಸ್ಸು ಬುಕ್ ಮಾಡುವವರಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತು ಜನ ಹೋಗುವ ರೈಡ್‌ಗೆ ಈ ಲೆಕ್ಕ ಸರಿ. ಸಾವಿರಾರು ಜನ ಇದ್ದಾಗ ಮೊದಲ ಕೆಲವು ಕಿಲೋಮೀಟರ್ ಜಾತ್ರೆಯಲ್ಲಿ ತೇರಿನ ಹಿಂದೆ ನಡೆದ ಹಾಗೆ ಸಾಗುತ್ತದೆ. ಕಿರಿದಾದ ಏರಿನಲ್ಲಿ ಮುಂದಿನವರು ಕಾಲು ಕೆಳಗಿಟ್ಟರೆ ಹಿಂದಿನವರೂ ಇಳಿಯಲೇಬೇಕು, ನಿಮಗೆ ಎಷ್ಟೇ ತ್ರಾಣ ಇರಲಿ. ಬ್ರೈಟನ್ ರೈಡ್‌ನಲ್ಲಿ ಕೊನೆಗೆ ಬರುವ ಡಿಚ್‌ಲಿಂಗ್ ಬೀಕನ್ ಅನ್ನುವ ಕಡಿದಾದ ಏರು ಇದಕ್ಕೇ ಹೆಸರುವಾಸಿ, ಎಷ್ಟೋ ಜನ ಅಲ್ಲಿ ಸೈಕಲ್ ತಳ್ಳಿಕೊಂಡೇ ಹತ್ತುತ್ತಾರೆ. ಇದರ ಮೇಲೆ ನೀರಿಗೆ ಕ್ಯೂ, ಟಾಯ್ಲೆಟ್‌ಗೆ ಇನ್ನೂ ದೊಡ್ಡ ಕ್ಯೂ, ಒಬ್ಬರಿಗೆ ಪಂಕ್ಚರ್. ಆರರಿಂದ ಏಳು ಗಂಟೆ ಹಿಡಿಯಿರಿ. ಅದಾದ ಮೇಲೆ ಬ್ಯಾಗ್ ತಗೊಂಡು, ಬಟ್ಟೆ ಬದಲಿಸಿ, ಫೋಟೊ ತೆಗೆಸಿಕೊಂಡು, ಒಬ್ಬರನ್ನೊಬ್ಬರು ಹುಡುಕೋಕೆ ಇನ್ನೂ ಎರಡು ಗಂಟೆ ಸುಮ್ನೆ ಹೋಗುತ್ತದೆ.

ಆರು ಜನವೂ ಒಂದೇ ಬ್ಯಾಚ್‌ನಲ್ಲಿ ಹೊರಡುವಂತೆ ಈಗಲೇ ನೋಡಿಕೊಳ್ಳಿ. ದೊಡ್ಡ ರೈಡ್‌ಗಳಲ್ಲಿ ಒಂದೇ ಸಲ ಎಲ್ಲರನ್ನೂ ಬಿಡುವುದಿಲ್ಲ, ಇಂತಿಷ್ಟು ನಿಮಿಷಕ್ಕೊಂದು ಬ್ಯಾಚ್ ಅಂತ ಬಿಡುತ್ತಾರೆ. ಒಬ್ಬರದು ಆರೂವರೆ, ಇನ್ನೊಬ್ಬರದು ಒಂಬತ್ತು ಅಂತಾದರೆ ಒಟ್ಟಿಗೆ ಹೋಗುವ ಮಾತೇ ಇಲ್ಲ.

ಹಿಂದಿನ ರಾತ್ರಿ ಉಳಿಯುವ ಜಾಗ ಸ್ಟಾರ್ಟ್‌ನಿಂದ ಐದು ಕಿಲೋಮೀಟರ್ ಒಳಗಿದ್ದರೆ ಬೆಳಿಗ್ಗೆ ಕಾರು ತೆಗೆಯೋದೇ ಬೇಡ, ಸೈಕಲಲ್ಲೇ ಹೋಗಿ. ಸ್ಟಾರ್ಟ್ ಹತ್ತಿರದ ರಸ್ತೆಗಳನ್ನು ರೈಡ್‌ಗೆ ತುಂಬಾ ಮೊದಲೇ ಮುಚ್ಚಿರುತ್ತಾರೆ, ಫೋನಿನ ಮ್ಯಾಪ್‌ಗೆ ಅದು ಗೊತ್ತಿರುತ್ತದೆ ಅಂತ ನಂಬೋಕಾಗಲ್ಲ. ಬೆಳಕು ಹರಿಯುವ ಮುಂಚೆ ಹೊರಡಬೇಕಾದೀತು, ಲೈಟ್ ಇರಲಿ. ರೂಮ್ ಬುಕ್ ಮಾಡುವಾಗಲೇ ಸೈಕಲ್ ರೂಮಿನೊಳಗೆ ಇಟ್ಟುಕೊಳ್ಳಬಹುದಾ ಅಂತ ಕೇಳಿ, ಉತ್ತರ ಮೆಸೇಜ್‌ನಲ್ಲೇ ತಗೊಳ್ಳಿ. ಫೋನಲ್ಲಿ "ಆಯ್ತು ಬನ್ನಿ" ಅಂದವರು ರಾತ್ರಿ ಹತ್ತಕ್ಕೆ ಡ್ಯೂಟಿಯಲ್ಲಿ ಇರೋದಿಲ್ಲ.

ವಿಮಾನದಲ್ಲಿ ಬರುವ ಇಬ್ಬರಿಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಟಿಕೆಟ್ ತಗೊಳ್ಳುವ ಮುಂಚೆ ಆ ವಿಮಾನದಲ್ಲಿ ಸೈಕಲ್ ಬಾಕ್ಸ್‌ಗೆ ಎಷ್ಟು ತೂಕ, ಎಷ್ಟು ಅಳತೆ ಅಂತ ನೋಡಲಿ. ಒಂದೇ ಟಿಕೆಟ್‌ನಲ್ಲಿ ಎರಡು ಕಂಪನಿಯ ವಿಮಾನ ಇದ್ದರೆ ಎರಡರ ನಿಯಮವನ್ನೂ ನೋಡಬೇಕು. ಸೈಕಲ್ ಬಿಚ್ಚುವಾಗ ಮೊದಲು ಪೆಡಲ್. ಬಲಗಡೆಯದು ಮಾಮೂಲಿ ನಟ್ಟಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಎಡಗಡೆಯದರ ತಿರುಪು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಜೋರು ಹಾಕಿದಷ್ಟೂ ಅದು ಇನ್ನೂ ಬಿಗಿಯಾಗುತ್ತದೆ. ಸೀಟ್ ಪೋಸ್ಟ್ ಇಳಿಸುವ ಮೊದಲು ಅದರ ಎತ್ತರಕ್ಕೆ ಸರಿಯಾಗಿ ಒಂದು ಸುತ್ತು ಟೇಪ್ ಸುತ್ತಿ. ಆಮೇಲೆ ಜೋಡಿಸುವಾಗ ಮತ್ತೆ ಅಳೆಯಬೇಕಾಗಿಲ್ಲ. ಹಿಂದಿನ ಡಿರೇಲರ್ (ಗೇರ್ ಬದಲಿಸುವಾಗ ಚೈನನ್ನು ಸರಿಸುವ ಭಾಗ) ಬಿಚ್ಚಿ, ಬಟ್ಟೆ ಸುತ್ತಿ, ಚೈನ್ ಸಮೇತ ಫ್ರೇಮ್ ಒಳಗಡೆಗೆ ಕಟ್ಟಿಬಿಡಿ. ಬಾಕ್ಸ್ ಕೆಳಗೆ ಬಿದ್ದರೆ ಮೊದಲು ಪೆಟ್ಟು ತಿನ್ನೋದು ಅದೇ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಮೇಲೆ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿ, ಬ್ರೇಕ್ ಹಿಡಿಯಬೇಡಿ. ಹಿಡಿದರೆ ಪ್ಯಾಡ್ ಎರಡೂ ಹತ್ತಿರ ಬಂದು ಆಮೇಲೆ ಡಿಸ್ಕ್ ಒಳಗೆ ಹೋಗೋದೇ ಇಲ್ಲ.

ಎಲೆಕ್ಟ್ರಿಕ್ ಸೈಕಲ್ ತರೋಣ ಅಂತ ಇಬ್ಬರಲ್ಲಿ ಯಾರಾದರೂ ಅಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡಲಿ. ಪ್ರಯಾಣಿಕರ ವಿಮಾನದಲ್ಲಿ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗೆ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಅವಕಾಶ, ಕಂಪನಿ ಒಪ್ಪಿದರೆ 160. ಈ ಸೈಕಲ್‌ಗಳ ಬ್ಯಾಟರಿ ಹೆಚ್ಚಿನವು 300 ದಾಟಿರುತ್ತವೆ. ಟೈರಿಗೆ ಗಾಳಿ ತುಂಬುವ ಪುಟ್ಟ ಗ್ಯಾಸ್ ಸಿಲಿಂಡರ್‌ಗಳೂ ವಿಮಾನ ನಿಲ್ದಾಣದಲ್ಲಿ ತಕರಾರಿನ ವಸ್ತು. ಕೈಪಂಪ್ ಇಟ್ಟುಕೊಳ್ಳಿ, ಸಿಲಿಂಡರ್ ಬೇಕಿದ್ದರೆ ಅಲ್ಲೇ ಕೊಳ್ಳಿ. ಬಾಕ್ಸ್ ಬೇರೆ ವಿಮಾನದಲ್ಲಿ ಹೋಗಿ ತಡವಾಗಿ ಸಿಗೋದು ಅಪರೂಪವೇನಲ್ಲ, ಆದ್ದರಿಂದ ಎರಡು ದಿನ ಮುಂಚೆ ತಲುಪುವ ಟಿಕೆಟ್ ಒಳ್ಳೆಯದು. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಬಾಡಿಗೆ ಸೈಕಲ್ ತಗೊಳ್ಳಲಿ. ತಮ್ಮ ಪೆಡಲ್ ಮತ್ತು ಸೀಟಿನ ಎತ್ತರದ ಅಳತೆ ತಂದರೆ ಸಾಕು. ಒಂದು ದಿನದ ರೈಡ್‌ಗೆ ನನಗೆ ಇದೇ ಸರಿ ಅನ್ನಿಸುತ್ತದೆ, ಸ್ವಂತ ಸೈಕಲ್ ಮೇಲೆ ಪ್ರಾಣ ಇಟ್ಟವರು ಒಪ್ಪಲಿಕ್ಕಿಲ್ಲ.

ಸ್ವಂತ ಸೈಕಲನ್ನೇ ತಂದರೆ ಖಾಲಿ ಬಾಕ್ಸ್ ಎಲ್ಲಿರುತ್ತದೆ ಅಂತಲೂ ಯೋಚಿಸಿ. ಬಾಕ್ಸ್ ಸ್ಟಾರ್ಟ್ ಊರಲ್ಲಿ, ಸೈಕಲ್ ಫಿನಿಶ್ ಊರಲ್ಲಿ, ವಿಮಾನ ಮರುದಿನ ಬೆಳಿಗ್ಗೆ ಅಂತಾಗಬಾರದು. ನಿಮ್ಮ ವ್ಯಾನ್‌ಗೆ ಮೊದಲು ಹಾಕಬೇಕಾದದ್ದೇ ಆ ಎರಡು ಬಾಕ್ಸ್.

ಬ್ಯಾಗಿನ ವಿಷಯ ಚಿಕ್ಕದು. ಸ್ಟಾರ್ಟ್‌ನಲ್ಲಿ ಕೊಟ್ಟ ಬ್ಯಾಗನ್ನು ಲಾರಿಯಲ್ಲಿ ಫಿನಿಶ್‌ಗೆ ತಂದಿಡುತ್ತಾರೆ. ಅಲ್ಲಿ ನೆಲದ ಮೇಲೆ ಸಾಲಾಗಿ ಇಟ್ಟಿರುವ ಬ್ಯಾಗ್‌ಗಳಲ್ಲಿ ಮುಕ್ಕಾಲು ಪಾಲು ಕಪ್ಪು. ನಿಮ್ಮದಕ್ಕೆ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಕಟ್ಟಿ. ಒಣ ಬಟ್ಟೆ, ಚಪ್ಪಲಿ, ಪವರ್ ಬ್ಯಾಂಕ್ ಅದರಲ್ಲಿರಲಿ. ಕಾರಿನ ಕೀ, ದುಡ್ಡು, ಔಷಧಿ ಮೈಮೇಲೆ ಇರಲಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ತುಳಿಯುತ್ತೇನೆ ಅನ್ನುವವರು ನಿಯಮ ಓದಲಿ. ಫೈವ್ ಬರೋದಲ್ಲಿ ಬೆನ್ನಿನ ಬ್ಯಾಗ್‌ಗೆ ಅನುಮತಿ ಇಲ್ಲ.

ಒಬ್ಬರಿಗೆ ಬರೋಕಾಗದಿದ್ದರೆ ಅವರ ಬಿಬ್ ನಂಬರ್ (ಸವಾರರ ಗುರುತಿಗೆ ಆಯೋಜಕರು ಕೊಡುವ ನಂಬರ್ ಚೀಟಿ) ಹಾಕಿಕೊಂಡು ಬೇರೆಯವರು ತುಳಿಯೋದು ಮಾತ್ರ ಬೇಡ. ದಾರಿಯಲ್ಲಿ ಬಿದ್ದು ಪ್ರಜ್ಞೆ ತಪ್ಪಿದರೆ ವೈದ್ಯರ ತಂಡ ಆ ನಂಬರ್ ನೋಡಿ ಯಾರ ಮನೆಗೆ ಫೋನ್ ಮಾಡುತ್ತದೆ, ಯಾರ ಅಲರ್ಜಿ ವಿವರ ಓದುತ್ತದೆ ಅಂತ ಯೋಚಿಸಿ. ಅಧಿಕೃತವಾಗಿ ಹೆಸರು ಬದಲಿಸುವ ಅವಕಾಶ ಕೆಲವು ಕಡೆ ಇರುತ್ತದೆ, ಅದಕ್ಕೊಂದು ಕೊನೆಯ ದಿನಾಂಕವೂ ಇರುತ್ತದೆ.

ಗುಂಪಿನಲ್ಲಿ ಈಗಲೇ ಮಾತಾಡಿಕೊಳ್ಳಬೇಕಾದ ಇನ್ನೊಂದು ವಿಷಯ ಇದೆ. ಒಬ್ಬರು ನಡುವೆ ಸೋತರೆ ಉಳಿದವರು ನಿಲ್ಲುತ್ತೀರಾ? ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳುವ ವ್ಯಾನ್ ಇರುತ್ತದೆ ನಿಜ, ಆದರೆ ಅದು ಸಾಮಾನ್ಯವಾಗಿ ಕಡೆಯ ಸವಾರರ ಹಿಂದೆಯೇ ಬರುತ್ತದೆ. ನೀವು ಮುಂದಿದ್ದು ನಿಂತರೆ ಗಂಟೆಗಟ್ಟಲೆ ಕಾಯಬೇಕಾಗಬಹುದು. ಸೈಕಲ್ ಇನ್ನೊಂದು ಗಾಡಿಯಲ್ಲಿ ಬರಬಹುದು. ಹಾಗಾಗಿ ಹತ್ತಿರದ ವಿಶ್ರಾಂತಿ ಜಾಗದವರೆಗೆ ನಿಧಾನವಾಗಿ ತಳ್ಳಿಕೊಂಡಾದರೂ ಹೋಗೋದು ಒಳ್ಳೆಯದು. ಅಲ್ಲಿ ನೆರಳು, ನೀರು, ವಾಕಿ-ಟಾಕಿ ಹಿಡಿದ ಸ್ವಯಂಸೇವಕರು ಸಿಗುತ್ತಾರೆ. ಪ್ರತಿಯೊಬ್ಬರ ಹತ್ತಿರ ಅವರವರ ಚಕ್ರದ ಅಳತೆಯ ಎರಡು ಟ್ಯೂಬ್ ಇರಲಿ. ಆರು ಜನರ ಚಕ್ರ, ವಾಲ್ವ್ ಒಂದೇ ಥರ ಇರೋದಿಲ್ಲ, "ಅವನ ಹತ್ತಿರ ಇದೆ" ಅಂದರೆ ಪ್ರಯೋಜನವಿಲ್ಲ.

ಫಿನಿಶ್‌ನಲ್ಲಿ ಫೋನ್ ಕೆಲಸ ಮಾಡುತ್ತದೆ ಅಂತ ನಂಬಬೇಡಿ. ಅಷ್ಟೂ ಜನ ಒಂದೇ ಕಡೆ ವಿಡಿಯೊ ಕಳಿಸುತ್ತಿರುತ್ತಾರೆ. ಕರೆ ಹೋಗದಿದ್ದಾಗಲೂ ಮಾಮೂಲಿ ಎಸ್ಸೆಮ್ಮೆಸ್ ಎಷ್ಟೋ ಸಲ ಹೋಗುತ್ತದೆ. ಕೂಡುವ ಜಾಗ ಒಂದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಫಿನಿಶ್ ಕಮಾನಿನ ಕೆಳಗೆ ಬೇಡ, ಅಲ್ಲಿ ನಿಲ್ಲೋಕೆ ಬಿಡೋದಿಲ್ಲ.

ರೈಡೇ ರದ್ದಾದರೆ ಅನ್ನೋದಕ್ಕೂ ಉತ್ತರ ಇಟ್ಟುಕೊಳ್ಳಿ. 2017ರ ಮಾರ್ಚ್‌ನಲ್ಲಿ ಕೇಪ್ ಟೌನ್ ರೈಡ್ ಅವತ್ತಿನ ದಿನವೇ ಜೋರು ಗಾಳಿಗೆ ರದ್ದಾಯಿತು. ಪ್ರವೇಶ ಶುಲ್ಕ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ. ರೂಮನ್ನಾದರೂ ಕೊನೆಯವರೆಗೆ ಕ್ಯಾನ್ಸಲ್ ಮಾಡಬಹುದಾದ ದರದಲ್ಲಿ ತಗೊಳ್ಳಿ. ಹಾಗೇ, ಪ್ರಯಾಣದ ಖರ್ಚೆಲ್ಲ ನಿಮ್ಮ ಜೇಬಿನದು ಅಂತ ದೇಣಿಗೆ ಕೇಳುವಾಗಲೇ ಹೇಳಿಬಿಡಿ. ಕೊಡುವವರು ಬಾಯಿಬಿಟ್ಟು ಕೇಳೋದಿಲ್ಲ, ಆದರೆ ಮನಸ್ಸಿನಲ್ಲಿ ಆ ಪ್ರಶ್ನೆ ಇರುತ್ತದೆ.

ರೈಡ್ ಯಾವುದು, ಫಿನಿಶ್ ಯಾವ ಊರು ಅಂತ ನೀವು ಬರೆದಿಲ್ಲ. ಹಾಕಿದರೆ ಲಾರಿ, ಬಸ್ಸಿನ ವ್ಯವಸ್ಥೆ ಹೇಗಿದೆ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಫಿನಿಶ್ ಊರಲ್ಲಿ ಆರು ಜನಕ್ಕೆ ರೂಮ್ ಹಿಡಿದಿಟ್ಟುಕೊಳ್ಳಿ, ಅವು ಮೊದಲು ಖಾಲಿಯಾಗುತ್ತವೆ.