ಹಚ್ಚೆ ಹಾಕಿಸಿಕೊಳ್ಳುವ ಮುನ್ನ

ಪ್ರಶ್ನೆ: ಅಜ್ಜಿಯ ಮುಂಗೈಯಲ್ಲಿರುವಂಥದ್ದೇ ಹಚ್ಚೆಯನ್ನು ನಾನೂ ಹಾಕಿಸಿಕೊಳ್ಳಬೇಕೆಂದಿದ್ದೇನೆ. ಕಲಾವಿದರನ್ನು ಆರಿಸುವುದು ಹೇಗೆ? ಆಮೇಲಿನ ಆರೈಕೆ ಏನು?
— ಓದುಗರೊಬ್ಬರು, ಹಾಸನ

ಉತ್ತರ: ಹೊಸ ಹಚ್ಚೆಗಳೆಲ್ಲವೂ ಚೆಂದವಾಗಿಯೇ ಕಾಣುವುದರಿಂದ, ಅವರು ವರ್ಷಗಳ ಹಿಂದೆ ಹಾಕಿದ ಹಚ್ಚೆಗಳ ಚಿತ್ರಗಳನ್ನು ಕೇಳಿ ನೋಡಿ; ತೆಳುಗೆರೆಗಳು ಕದಡಿವೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಒಡೆಯಬೇಕು. ಪುಟ್ಟ ಬಟ್ಟಲಿಗೆ ಸುರಿದ ಶಾಯಿಯಲ್ಲಿ ಉಳಿದದ್ದನ್ನು ಸೀಸೆಗೆ ಮರಳಿ ಸುರಿಯುವವರಾದರೆ ಎದ್ದು ಬನ್ನಿ. ಯಕೃತ್ತಿನ ಸೋಂಕುಗಳಾದ ಹೆಪಟೈಟಿಸ್ ಬಿ, ಸಿ ಹರಡಲು ಅಷ್ಟು ಸಾಕು. (ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಚುಚ್ಚುತ್ತಿದ್ದ ಕಾಲದ ಧೈರ್ಯ ನಮಗೆ ಬೇಡ.) ಮನೆಯಲ್ಲಿ ಸೌಮ್ಯ ಸಾಬೂನಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸುವಾಸನೆಯಿಲ್ಲದ ಮುಲಾಮನ್ನು ತೆಳುವಾಗಿ ಸವರಿ. ಅರಿಸಿನ ಹಚ್ಚಬೇಡಿ, ಹಕ್ಕಳೆ ಕೀಳಬೇಡಿ. ಎರಡು ಮೂರು ವಾರ ಬಿಸಿಲು, ಈಜುಕೊಳ ಬೇಡ. ಕೀವು, ಜ್ವರ ಕಂಡರೆ ಚರ್ಮವೈದ್ಯರನ್ನು ಕಾಣಿ. ನಮ್ಮ ದೇಶದ ನಿಯಮದಂತೆ ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ.