ಎರಡು ಸಂದುಗಳ ನಡುವೆ ಇದ್ದದ್ದು ಮಣ್ಣು

ಬ್ರಹ್ಮಾವರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಹೊಳೆಯಲ್ಲಿ ಹಳೆಯ ಕಿಂಡಿ ಅಣೆಕಟ್ಟೊಂದು ಪಾಳು ಬಿದ್ದಿದೆ. ಪ್ರತಿ ಕಂಬದಲ್ಲೂ ಮೇಲಿಂದ ಕೆಳಗೆ ಎರಡೆರಡು ಸಂದುಗಳಿವೆ. ಎರಡು ಬಾಗಿಲಿನ ಲಾಕ್ ಇತ್ತು, ದೋಣಿ ದಾಟಿಸುತ್ತಿದ್ದರು ಎನ್ನುತ್ತಾನೆ ಮಗ. ಹೌದೇ?’

ಮಗನ ತಲೆ ಚುರುಕಾಗಿದೆ. ಉತ್ತರ ಮಾತ್ರ ತಪ್ಪು.

ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ನೀರಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಏರುತ್ತದೆ. ಪಂಪು ಬೇಡ, ಎಂಜಿನ್ ಬೇಡ. ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ 1847ರಿಂದ 1852ರ ನಡುವೆ ಧವಳೇಶ್ವರದಲ್ಲಿ ಗೋದಾವರಿಗೆ ಒಡ್ಡು ಕಟ್ಟಿಸಿದಾಗ ದೋಣಿಗಳಿಗೆ ಲಾಕ್ ಇಡಿಸಿದ. ತುಂಗಭದ್ರೆಯ ದಡದ ಸುಂಕೇಸುಲದಿಂದ ಹೊರಟ ಕರ್ನೂಲು–ಕಡಪ ಕಾಲುವೆಯಲ್ಲೂ ಲಾಕ್‌ಗಳಿದ್ದವು. ಅದನ್ನು ತೋಡಿಸಿದ ಕಂಪನಿ ನಷ್ಟಕ್ಕೆ ಬಿತ್ತು. 1882ರಲ್ಲಿ ಸರ್ಕಾರವೇ ವಹಿಸಿಕೊಂಡಿತು.

ಆಗ ಆ ಊರುಗಳ ಹಾಗೆ ನಮ್ಮ ಕರಾವಳಿ ಜಿಲ್ಲೆಯೂ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು, ಅಲ್ವಾ? ಆದರೂ ಇಲ್ಲಿ ಲಾಕ್ ಬೇಕಾಗಲಿಲ್ಲ. ನಮ್ಮ ಹೊಳೆಗಳು ಗಿಡ್ಡ. ಉಬ್ಬರ ಬಂದಾಗ ದೋಣಿ ಮೇಲಕ್ಕೆ, ಇಳಿತಕ್ಕೆ ಕೆಳಕ್ಕೆ. ಉಬ್ಬರ ಮುಟ್ಟದ ಕಡೆ ಗಳ ಊರಿ ತಳ್ಳುವುದು. ಬಂಟ್ವಾಳ, ಪಾಣೆಮಂಗಳೂರಿನ ಪೇಟೆಗಳು ಬೆಳೆದದ್ದೇ ನೇತ್ರಾವತಿಯ ದೋಣಿಗಳಿಂದ. ಮಂಗಳೂರಿನ ಹಂಚಿನ ಕಾರ್ಖಾನೆಗಳಿಗೆ ಆವೆಮಣ್ಣು ಬಂದದ್ದೂ ಹೊಳೆಯಲ್ಲೇ.

ಹಾಗಾದರೆ ಆ ಸಂದುಗಳು? ಕಂಬಗಳ ನಡುವಿನ ಕಿಂಡಿ ಮುಚ್ಚುವ ಹಲಗೆ ಇಳಿಸಲಿಕ್ಕೆ. ಮಳೆ ನಿಂತು ಹರಿವು ಇಳಿದ ಮೇಲೆ, ಸಾಮಾನ್ಯವಾಗಿ ನವೆಂಬರ್–ಡಿಸೆಂಬರಿನಲ್ಲಿ, ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿ ತುಳಿಯುತ್ತಾರೆ. ಒಂದೇ ಸಾಲಾದರೆ ನೀರು ಸೋರುತ್ತದೆ. ಹೀಗೆ ನಿಂತ ನೀರು ಭತ್ತದ ಎರಡನೆಯ ಬೆಳೆಯಾದ ಸುಗ್ಗಿಗೆ, ಮೂರನೆಯದಾದ ಕೊಳಕೆಗೆ. ಸುತ್ತಲಿನ ಬಾವಿಗಳಿಗೂ ಒರತೆ. ಕಡಲಿಗೆ ಹತ್ತಿರವಿದ್ದರೆ ಇನ್ನೊಂದು ಕೆಲಸ: ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುವುದು.

ಮುಂಗಾರಿಗೆ ಮೊದಲು ಹಲಗೆ ತೆಗೆಯಲೇಬೇಕು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಊರು ನಮ್ಮದು. ಹಲಗೆ ಉಳಿದರೆ ತೇಲಿ ಬಂದ ಮರ, ಕಸ ಅಲ್ಲಿ ಸಿಕ್ಕಿಕೊಂಡು, ಹೊಳೆ ಪಕ್ಕದ ದಂಡೆಯನ್ನೇ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಇಳಿಸುವುದಕ್ಕೂ ತೆಗೆಯುವುದಕ್ಕೂ ಹತ್ತಾರು ಜನ ಬೇಕು. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದ ಮೇಲೆ ಯಾರು ಬರುತ್ತಾರೆ? ತೋಟದವರಿಗೆ ಬೋರ್‌ವೆಲ್ ಬಂತು. ಕಂಬ ಗಟ್ಟಿಯಾಗಿದ್ದರೂ ಕಟ್ಟೆ ಪಾಳು ಬೀಳುವುದು ಹೀಗೆ. ನಾನು ಕಂಡ ಒಂದು ಕಡೆ ಹಲಗೆಗಳು ಶೆಡ್ಡಿನಲ್ಲೇ ಗೆದ್ದಲು ಹಿಡಿದಿದ್ದವು.

ಮಗ ಇನ್ನೂ ಒಪ್ಪದಿದ್ದರೆ ಕೈಗೆ ಟೇಪು ಕೊಟ್ಟು ಕಳಿಸಿ. ಎರಡು ಸಂದುಗಳ ನಡುವೆ ದೋಣಿ ಹಿಡಿಸುತ್ತದೆಯೇ ಅಂತ ಅವನೇ ಅಳೆದು ನೋಡಲಿ.

– ಸಂಪಾದಕ